ಅಕ್ಷರಕ್ಕೊಂದು ಅಂಕೆ

ಅಕ್ಷರವೆಂದರೆ ನಾಶವಿಲ್ಲದುದು ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಓಲೆಗರಿಗೆ ಗೆದ್ದಲು ಹಿಡಿಯಬಹುದು. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಕಾಗದಕ್ಕೆ ಬೂಷ್ಟು ಬರಬಹುದು. ಆದರೆ ಒಬ್ಬನು ಬರೆದ ಅಕ್ಷರವನ್ನು ಇನ್ನೊಬ್ಬನು ನಕಲು ಮಾಡಿ ಉಳಿಸಿಕೊಂಡು ಬಂದನು. ಗಣಕಯಂತ್ರದ ಕಾಲದಲ್ಲಿ ಈ ಮಾತಿಗೆ ಒಂದು ತೊಡಕು ಬಂದಿದೆ. ಒಂದು ಯಂತ್ರದಲ್ಲಿ ಚೆನ್ನಾಗಿ ಕಂಡ ಕನ್ನಡ ಪುಟವು ಇನ್ನೊಂದು ಯಂತ್ರದಲ್ಲಿ ಚೌಕಗಳ ಸಾಲಾಗಿಯೋ ಅರ್ಥವಿಲ್ಲದ ಪರಲಿಪಿಯ ತುಣುಕುಗಳಾಗಿಯೋ ಕಾಣಿಸುವುದುಂಟು. ಗೆದ್ದಲು ತಿಂದಿಲ್ಲ, ನೀರು ಬಿದ್ದಿಲ್ಲ. ಆದರೂ ಅಕ್ಷರ ಹೋಯಿತು. ಇದು ಹೇಗಾಗುತ್ತದೆ, ಇದಕ್ಕೆ ಪರಿಹಾರವೇನು, ಕೀಲಿಮಣೆಯಲ್ಲಿ ಇಲ್ಲದ ಅಕ್ಷರವನ್ನೂ ಚಿಹ್ನೆಯನ್ನೂ ಜಾಲಪುಟದಲ್ಲಿ ಸಂಕೇತ ಸಂಖ್ಯೆಯ ಮೂಲಕ ಬರೆಯುವ ಕ್ರಮ ಯಾವುದು ಎಂಬುದನ್ನು ಯಥಾಶಕ್ತಿ ವಿವರಿಸುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯ ಮೇಲಿರುವ ನಮ್ಮ ಪುಂಜಾಲಕಟ್ಟೆಯಲ್ಲಿ ಒಂದು ಬಸ್ಸು ನಿಂತು ಹೊರಡುವುದರೊಳಗೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂಬ ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ಈ ಎಲ್ಲ ಭಾಷೆಗಳನ್ನೂ ನಾವು ಹೆಚ್ಚಾಗಿ ಕನ್ನಡ ಲಿಪಿಯಲ್ಲಿಯೇ ಬರೆಯುತ್ತೇವೆ. ಹಾಗಾದ ಮೇಲೆ ಆ ಲಿಪಿಯು ಯಂತ್ರದೊಳಗೆ ಹೇಗೆ ಕುಳಿತಿದೆ ಎಂಬುದು ಗಣಿತದವರಿಗೆ ಮಾತ್ರ ಬಿಟ್ಟ ವಿಷಯವಲ್ಲ. ಭಾಷೆಯನ್ನು ಓದುವವರಿಗೂ ಸೇರಿದುದು.

ಕಲ್ಲಚ್ಚು ಮತ್ತು ಮೊಳೆ

ಮೊದಲು ಹಳೆಯ ಕಥೆಯೊಂದನ್ನು ನೆನೆಯೋಣ. ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ಮೊಳೆಯಚ್ಚಿನಲ್ಲಿ ಅಚ್ಚಾಗತೊಡಗಿತು. ಈ ಎರಡು ವಿಧಾನಗಳ ವ್ಯತ್ಯಾಸವನ್ನು ತಿಳಿದರೆ ನಮ್ಮ ವಿಷಯದ ಅರ್ಧ ತಿಳಿದಂತೆಯೇ.

ಕಲ್ಲಚ್ಚಿನಲ್ಲಿ ಬರೆಹಗಾರನು ತನಗೆ ಬೇಕಾದ ಯಾವ ಆಕೃತಿಯನ್ನಾದರೂ ಬರೆಯಬಹುದು. ಕಲ್ಲಿಗೆ ಅದು ಅಕ್ಷರವೆಂದು ಗೊತ್ತಿಲ್ಲ, ಅದಕ್ಕೆ ಎಲ್ಲವೂ ಚಿತ್ರವೇ. ಮೊಳೆಯಚ್ಚಿನಲ್ಲಿ ಹಾಗಲ್ಲ. ಪೆಟ್ಟಿಗೆಯ ಮನೆಗಳಲ್ಲಿ ಯಾವ ಯಾವ ಮೊಳೆಗಳಿವೆಯೋ ಅವುಗಳಿಂದಲೇ ಪುಟವನ್ನು ಕಟ್ಟಬೇಕು. ಇಲ್ಲದ ಅಕ್ಷರ ಬೇಕಾದರೆ ಹೊಸದಾಗಿ ಎರಕ ಹೊಯ್ಯಬೇಕು. ಆದರೆ ಮೊಳೆಗೆ ಒಂದು ಗುಣವಿದೆ: ಒಮ್ಮೆ ಜೋಡಿಸಿದುದನ್ನು ಬಿಡಿಸಿ ಮತ್ತೆ ಜೋಡಿಸಬಹುದು, ತಿದ್ದಬಹುದು, ಎಣಿಸಬಹುದು.

ಜಾಲಪುಟದಲ್ಲಿಯೂ ಇವೇ ಎರಡು ದಾರಿಗಳಿವೆ. ಬರೆಹದ ಫೋಟೋ ತೆಗೆದು ಹಾಕಿದರೆ ಅದು ಕಲ್ಲಚ್ಚು. ಕಣ್ಣಿಗೆ ಕಾಣುತ್ತದೆ, ಆದರೆ ಅದರೊಳಗಿನ ಒಂದು ಶಬ್ದವನ್ನು ಹುಡುಕುವಂತಿಲ್ಲ. ಅಕ್ಷರಗಳನ್ನು ಸಂಕೇತ ಸಂಖ್ಯೆಗಳಾಗಿ ಬರೆದರೆ ಅದು ಮೊಳೆಯಚ್ಚು. ಗಣಕಯಂತ್ರಕ್ಕೆ ‘ಕ’ ಎಂಬ ಆಕೃತಿ ತಿಳಿಯದು. ಅದು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಂದು ಅಂಕೆಯನ್ನು. ಆ ಅಂಕೆಗೆ ಯಾವ ರೂಪವನ್ನು ತೋರಿಸಬೇಕೆಂದು ಹೇಳುವುದು ಫಾಂಟಿನ ಕೆಲಸ. ಅಂಕೆ ಬೇರೆ, ರೂಪ ಬೇರೆ ಎಂಬ ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅಂಕೆಯ ಪಟ್ಟಿ

1963ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ ಆಸ್ಕಿ ಎಂಬ ಪಟ್ಟಿಯಲ್ಲಿ ಇದ್ದುದು 128 ಮನೆಗಳು ಮಾತ್ರ. ಇಂಗ್ಲಿಷಿನ ಅಕ್ಷರಗಳು, ಅಂಕೆಗಳು, ವಿರಾಮ ಚಿಹ್ನೆಗಳು ಇಷ್ಟಕ್ಕೇ ಅದು ತುಂಬಿಹೋಯಿತು. ಅಲ್ಲಿ ಕನ್ನಡಕ್ಕೆ ಎಡೆಯೆಲ್ಲಿ? ಆದುದರಿಂದ ಕನ್ನಡವನ್ನು ಗಣಕಕ್ಕೆ ತಂದ ಮೊದಮೊದಲಿನ ತಂತ್ರಾಂಶಗಳಲ್ಲಿ ಅನೇಕವು ಒಂದು ಉಪಾಯ ಮಾಡಿದವು. ಪರಲಿಪಿಯ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ತುಣುಕುಗಳನ್ನು ಕೂರಿಸಿದವು. ಆ ಫಾಂಟು ಇದ್ದ ಯಂತ್ರದಲ್ಲಿ ಕನ್ನಡ ಕಂಡಿತು. ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಒಡೆಯನೇ ಕಾಣಿಸಿಕೊಂಡನು. ಮೊದಲು ಹೇಳಿದ ಪರಲಿಪಿಯ ತುಣುಕುಗಳ ಗುಟ್ಟು ಇದೇ. ಬರೆದವನು ಕನ್ನಡವನ್ನೇ ಬರೆದಿದ್ದರೂ ಯಂತ್ರದಲ್ಲಿ ಉಳಿದುದು ಕನ್ನಡವಲ್ಲ.

ನಮ್ಮ ದೇಶದಲ್ಲಿ ಇಸ್ಕಿ ಎಂಬ ಪಟ್ಟಿಯು 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯೂ ಹೊರಬಂದಿತು. ಲೋಕದ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ, ಮತ್ತೊಬ್ಬರ ಪಾಲಿಗೆ ಹೋಗದ ಒಂದು ಸಂಖ್ಯೆ ಎಂಬುದು ಅದರ ಸಂಕಲ್ಪ. ಆ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ನಮ್ಮ ಲಿಪಿಯ ಕಟ್ಟು 3200ರಿಂದ 3327ರ ವರೆಗಿನ 128 ಮನೆಗಳು. ನಮಗಿಂತ ಹಿಂದಿನ ಕಟ್ಟು ತೆಲುಗಿನದು, ಮುಂದಿನದು ಮಲಯಾಳದ್ದು. ಭೂಪಟದ ನೆರೆಹೊರೆಯವರು ಇಲ್ಲಿಯೂ ನೆರೆಹೊರೆಯವರೇ. ಇಸ್ಕಿಯ ಕ್ರಮವನ್ನೇ ಅನುಸರಿಸಿದ್ದರಿಂದ ಒಂದು ಸೊಗಸಾದ ಫಲವೂ ಉಂಟಾಗಿದೆ. ತೆಲುಗಿನ ಕಕಾರ 3093, ಕನ್ನಡದ ಕಕಾರ 3221, ಮಲಯಾಳದ ಕಕಾರ 3349. ಒಂದಕ್ಕೂ ಇನ್ನೊಂದಕ್ಕೂ ಸರಿಯಾಗಿ 128ರ ಅಂತರ.

ಬರೆಯುವ ಕ್ರಮ

ಜಾಲಪುಟಗಳನ್ನು ಕಟ್ಟುವ ಎಚ್.ಟಿ.ಎಂ.ಎಲ್. ಎಂಬ ಭಾಷೆಯ ನಾಲ್ಕನೆಯ ಆವೃತ್ತಿಯು 1997ರ ಡಿಸೆಂಬರಿನಲ್ಲಿ ಈ ವಿಶ್ವಪಟ್ಟಿಯನ್ನೇ ತನ್ನ ಅಕ್ಷರಮಾಲೆಯಾಗಿ ಒಪ್ಪಿಕೊಂಡಿತು. ಅಂದಿನಿಂದ ಪಟ್ಟಿಯ ಯಾವ ಅಕ್ಷರವನ್ನಾದರೂ ಅದರ ಸಂಖ್ಯೆಯಿಂದ ಕರೆಯಬಹುದು. ಕ್ರಮವು ಬಹು ಸುಲಭ. ಮೊದಲು ‘&’ ಎಂಬ ಆಂಪರ್ಸೆಂಡ್ ಚಿಹ್ನೆ, ಅದರ ಬೆನ್ನಿಗೆ ‘#’ ಎಂಬ ಹ್ಯಾಷ್ ಚಿಹ್ನೆ, ಬಳಿಕ ಅಕ್ಷರದ ಸಂಖ್ಯೆ, ಕೊನೆಗೆ ಅರ್ಧವಿರಾಮ. ನಡುವೆ ಎಲ್ಲಿಯೂ ತೆರಪು ಬಿಡಬಾರದು. ಉದಾಹರಣೆಗೆ &#3205; ಎಂದು ಬರೆದರೆ ಓದುಗನ ಪರದೆಯಲ್ಲಿ ‘ಅ’ ಎಂದು ಕಾಣುತ್ತದೆ.

ಪಟ್ಟಿಯನ್ನು ಪ್ರಕಟಿಸುವವರು ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ಕೊಟ್ಟಿರುತ್ತಾರೆ. ಅಲ್ಲಿ ಹತ್ತರಿಂದ ಹದಿನೈದರ ವರೆಗಿನ ಎಣಿಕೆಗೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳೇ ಅಂಕೆಗಳು. ‘ಅ’ಕಾರವು ಅಲ್ಲಿ ಸೊನ್ನೆ, ಸಿ, ಎಂಟು, ಐದು. ಇದನ್ನು ನಮ್ಮ ಲೆಕ್ಕಕ್ಕೆ ತರುವುದು ಹೀಗೆ: ಸಿ ಎಂದರೆ 12, 12ನ್ನು 256ರಿಂದ ಗುಣಿಸಿದರೆ 3072, 8ನ್ನು 16ರಿಂದ ಗುಣಿಸಿದರೆ 128, ಉಳಿದುದು 5. ಒಟ್ಟು 3205. ಹದಿನಾರರ ಮಾನದಲ್ಲಿಯೇ ಬರೆಯಬೇಕಾದರೆ ಹ್ಯಾಷಿನ ಬಳಿಕ ಇಂಗ್ಲಿಷಿನ ‘ಎಕ್ಸ್’ ಅಕ್ಷರವೊಂದನ್ನು ಸೇರಿಸಿದರಾಯಿತು. ಆದರೆ ಸಂಕೇತದೊಳಗಿನ ಅಂಕೆಗಳು ಅಂತರರಾಷ್ಟ್ರೀಯ ಅಂಕೆಗಳೇ ಆಗಿರಬೇಕು. ೩೨೦೫ ಎಂದು ಕನ್ನಡ ಅಂಕೆಗಳಲ್ಲಿ ಬರೆದರೆ ಯಂತ್ರವು ಅದನ್ನು ಸಂಕೇತವೆಂದು ತಿಳಿಯುವುದಿಲ್ಲ.

ನಿತ್ಯದ ಉಪಯೋಗಕ್ಕೆ ಕೆಲವು ಸಂಖ್ಯೆಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬಹುದು. ಉಷ್ಣಮಾನದ ಡಿಗ್ರಿ ಚಿಹ್ನೆಗೆ 176. ಕಾಲಿಗೆ 188, ಅರೆಗೆ 189, ಮುಕ್ಕಾಲಿಗೆ 190. ಗುಣಾಕಾರಕ್ಕೆ 215, ಭಾಗಾಕಾರಕ್ಕೆ 247. ಹಕ್ಕುಸ್ವಾಮ್ಯದ ಚಿಹ್ನೆಗೆ 169. ನಮ್ಮ ರೂಪಾಯಿ ಚಿಹ್ನೆ ₹ ಇದರ ಸಂಖ್ಯೆ 8377. ಇದನ್ನು ಭಾರತ ಸರಕಾರವು 2010ರ ಜುಲೈ 15ರಂದು ಅಂಗೀಕರಿಸಿತು. ಅದೇ ವರ್ಷದ ಅಕ್ಟೋಬರದಲ್ಲಿ ಅದು ಯೂನಿಕೋಡಿನ ಪಟ್ಟಿಯನ್ನು ಸೇರಿತು. ಹೊಸ ಮೊಳೆಯನ್ನು ಎರಕ ಹೊಯ್ಯುವುದೆಂದರೆ ಈಗ ಹೀಗೆಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂಕೇತವು ಪ್ರಾರಂಭವಾಗುವುದೇ ಆಂಪರ್ಸೆಂಡ್ ಚಿಹ್ನೆಯಿಂದ. ಹಾಗಾದರೆ ಆ ಚಿಹ್ನೆಯನ್ನೇ ಓದುಗನಿಗೆ ತೋರಿಸಬೇಕಾದಾಗ ಏನು ಮಾಡಬೇಕು? ಅದರ ಸಂಖ್ಯೆ 38; &#38; ಎಂದು ಬರೆಯಬೇಕು. ಹಾಗೆಯೇ ಜಾಲಪುಟದ ಆದೇಶಗಳನ್ನು ಆವರಿಸುವ ಎರಡು ಕೋನಾವರಣಗಳಿಗೆ 60 ಮತ್ತು 62. ಈ ಮೂರನ್ನು ಬಲ್ಲವನು ಈ ಪಾಠವನ್ನೇ ಒಂದು ಜಾಲಪುಟವಾಗಿ ಬರೆಯಬಲ್ಲನು.

ನಮ್ಮ ಊರಿನ ಹೆಸರು

ಅಭ್ಯಾಸಕ್ಕೆಂದು ನಾನು ನಮ್ಮ ಊರಿನ ಹೆಸರನ್ನು ಸಂಖ್ಯೆಗಳಲ್ಲಿ ಬಿಡಿಸಿ ನೋಡಿದೆನು. ಕಿವಿಗೆ ‘ಪುಂಜಾಲಕಟ್ಟೆ’ ಐದೇ ಅಕ್ಷರ: ಪುಂ, ಜಾ, ಲ, ಕ, ಟ್ಟೆ. ಯಂತ್ರಕ್ಕಾದರೋ ಅದು ಹನ್ನೊಂದು. ಪ 3242, ಕೊಂಬು 3265, ಬಿಂದು 3202, ಜ 3228, ದೀರ್ಘದ ಚಿಹ್ನೆ 3262, ಲ 3250, ಕ 3221, ಟ 3231, ವಿರಾಮ ಚಿಹ್ನೆಯಾದ ಅರೆಯಕ್ಷರದ ಗುರುತು 3277, ಮತ್ತೆ ಟ 3231, ಕೊನೆಗೆ ಎತ್ವ 3270. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯೇ ಇಲ್ಲವೆಂಬುದನ್ನು ಗಮನಿಸಬೇಕು. ಮೊದಲನೆಯ ಟಕಾರದ ಸ್ವರವನ್ನು 3277 ತೆಗೆಯುತ್ತದೆ. ಆಗ ಎರಡನೆಯ ಟಕಾರವು ತಾನಾಗಿ ಕೆಳಗಿಳಿದು ಒತ್ತಾಗುತ್ತದೆ. ಸಂಧಿ ಸಮಾಸಗಳನ್ನು ಓದಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ವ್ಯಂಜನವನ್ನೂ ಸ್ವರವನ್ನೂ ಬಿಡಿಸಿ ಹೇಳುವ ನಮ್ಮ ವ್ಯಾಕರಣವೇ ಯಂತ್ರದೊಳಗೂ ನಡೆದಿದೆ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯೂ ಆಕೃತಿಯನ್ನು ಬಿಟ್ಟು ಧ್ವನಿಯನ್ನೇ ಹಿಡಿದು ನಡೆಯುತ್ತದೆ.

ಹಾಗೆಂದು ಇಡೀ ಪುಟವನ್ನು ಸಂಖ್ಯೆಗಳಲ್ಲಿಯೇ ಬರೆಯುವುದು ಜಾಣತನವಲ್ಲ. ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಸಾಕು. ನಮ್ಮ ಊರಿನ ಹೆಸರಿಗೆ 33. ಸಂಖ್ಯಾರೂಪದಲ್ಲಿ ಒಂದೊಂದಕ್ಕೂ ಏಳು ಚಿಹ್ನೆಗಳು; ಒಟ್ಟು 77. ಅದಕ್ಕಿಂತ ಮುಖ್ಯವಾಗಿ, ಸಂಖ್ಯೆಗಳ ಸಾಲನ್ನು ತಿದ್ದಲು ಕುಳಿತ ಮನುಷ್ಯನಿಗೆ ತಲೆಬುಡ ತಿಳಿಯದು. ಆದುದರಿಂದ ಪುಟದ ತಲೆಯಲ್ಲಿ ಯು.ಟಿ.ಎಫ್.-8 ಎಂದು ಘೋಷಿಸಿ, ಕನ್ನಡವನ್ನು ಕನ್ನಡವಾಗಿಯೇ ಬರೆದು, ಕೀಲಿಮಣೆಯಲ್ಲಿ ಸಿಗದ ಅಥವಾ ಕಣ್ಣಿಗೆ ಕಾಣದ ಚಿಹ್ನೆಗಳಿಗೆ ಮಾತ್ರ ಸಂಖ್ಯೆಯನ್ನು ಉಪಯೋಗಿಸುವುದೇ ಸರಿಯಾದ ಪದ್ಧತಿ.

ಸೊನ್ನೆಯೂ ಬಿಂದುವೂ

ಈಗ ಹೇಳುವ ವಿಷಯವನ್ನು ಸಹಪಾಠಿಗಳು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. ಕನ್ನಡದ ಅನುಸ್ವಾರದ ಬಿಂದುವಿನ ಸಂಖ್ಯೆ 3202. ಕನ್ನಡದ ಸೊನ್ನೆಯ ಸಂಖ್ಯೆ 3302. ಎರಡೂ ನೋಡಲು ದುಂಡಗೆ, ಒಂದೇ ತೆರನಾಗಿವೆ. ಅಂತರ ಸರಿಯಾಗಿ ನೂರು. ಕೈಬರೆಹದಲ್ಲಿ ಇದರಿಂದ ಬಾಧಕವಿಲ್ಲ. ಆದರೆ ಬಿಂದುವಿನ ಕೀಲಿ ಸಿಗದೆ ಸೊನ್ನೆಯನ್ನೇ ಒತ್ತಿ ‘ಬ೦ಟ್ವಾಳ’ ಎಂದು ಬರೆದವರ ಪುಟಗಳು ಬಹಳವಿವೆ. ಕಣ್ಣಿಗೆ ಅದು ಬಂಟ್ವಾಳವೇ. ಯಂತ್ರಕ್ಕೆ ಅದು ಬಕಾರ, ಸೊನ್ನೆ, ಟ್ವಾಳ. ಆ ಪುಟದಲ್ಲಿ ‘ಬಂಟ್ವಾಳ’ವೆಂದು ಹುಡುಕಿದರೆ ಅಂತಹ ಶಬ್ದವಿಲ್ಲವೆಂದು ಉತ್ತರ ಬರುತ್ತದೆ. ಅಕಾರಾದಿ ಪಟ್ಟಿ ಮಾಡಿದರೆ ಆ ಹೆಸರು ತನ್ನ ಸ್ಥಾನದಲ್ಲಿ ನಿಲ್ಲದೆ ಬೇರೆಲ್ಲಿಯೋ ಹೋಗಿ ಕೂರುತ್ತದೆ.

ಊರಿನ ಹೆಸರಿನಲ್ಲಿ ಇದು ಸಣ್ಣ ಮಾತಾಗಿರಬಹುದು. ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿಯೋ ಒಬ್ಬ ರೈತನ ಹೆಸರಿನಲ್ಲಿಯೋ ಆದರೆ? ಸಂಜೀವ, ಚಂದ್ರಾವತಿ, ಲಿಂಗಪ್ಪ ಮೊದಲಾದ ಹೆಸರುಗಳಲ್ಲೆಲ್ಲ ಬಿಂದುವಿದೆ. ಎರಡು ಪಟ್ಟಿಗಳನ್ನು ಯಂತ್ರವು ಹೋಲಿಸಿ ನೋಡುವಾಗ ಒಂದರಲ್ಲಿ ಬಿಂದು, ಇನ್ನೊಂದರಲ್ಲಿ ಸೊನ್ನೆ ಇದ್ದರೆ ಒಬ್ಬನೇ ಮನುಷ್ಯನು ಇಬ್ಬರಾಗುತ್ತಾನೆ. ಎದುರಿಗೆ ಕುಳಿತ ನೌಕರನಿಗೆ ಎರಡೂ ಒಂದೇ ಆಗಿ ಕಾಣುವುದರಿಂದ ತಪ್ಪೆಲ್ಲಿದೆ ಎಂದು ತೋರಿಸುವುದೂ ಕಷ್ಟ. ಇನ್ನು ಕಣ್ಣು ಕಾಣದವರಿಗೆಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸೊನ್ನೆಯು ಸೊನ್ನೆಯೇ. ನೋಡುವವರಿಗೆ ತೋರದ ತಪ್ಪು ಕೇಳುವವರ ಪಾಲಿಗೆ ದೊಡ್ಡದಾಗುತ್ತದೆ.

ಕಾಣದ ಅಕ್ಷರಗಳು

ಪಟ್ಟಿಯಲ್ಲಿ ಆಕೃತಿಯೇ ಇಲ್ಲದ ಎರಡು ಅಕ್ಷರಗಳಿವೆ. ಅವು ಕಾಣುವುದಿಲ್ಲ, ಉಚ್ಚಾರವಾಗುವುದಿಲ್ಲ. ಆದರೆ ಅಕ್ಕಪಕ್ಕದವರನ್ನು ಅಗಲಿಸುವ ಅಥವಾ ಕೂಡಿಸುವ ಕೆಲಸವನ್ನು ಮಾಡುತ್ತವೆ. ಒಂದರ ಸಂಖ್ಯೆ 8204, ಇನ್ನೊಂದರದ್ದು 8205. ‘ರಾಜ್’ ಎಂಬುದರ ಬೆನ್ನಿಗೆ ‘ಕುಮಾರ್’ ಬರೆದರೆ ಯಂತ್ರವು ತನ್ನ ನಿಯಮದಂತೆ ‘ರಾಜ್ಕುಮಾರ್’ ಎಂದು ಒತ್ತು ಹಾಕಿಬಿಡುತ್ತದೆ. ನಡುವೆ &#8204; ಸೇರಿಸಿದರೆ ‘ರಾಜ್‌ಕುಮಾರ್’ ಎಂದು ನಮಗೆ ಬೇಕಾದಂತೆ ಬಿಡಿಯಾಗಿ ನಿಲ್ಲುತ್ತದೆ. ಇನ್ನು ‘ರ’ದ ಕೆಳಗೆ ಯಕಾರದ ಒತ್ತು ಬೇಕಾದಾಗ, ಅಂದರೆ ‘ರ‍್ಯಾಂಕ್’ ಎಂದು ಬರೆಯಬೇಕಾದಾಗ, ಸುಮ್ಮನೆ ಬರೆದರೆ ಅರ್ಕಾವೊತ್ತು ಬಂದು ‘ಆರ್ಯ’ದ ಯಕಾರದಂತಾಗುತ್ತದೆ. ಅಲ್ಲಿ ರಕಾರದ ಬಳಿಕ &#8205; ಇಟ್ಟು, ಆಮೇಲೆ 3277, ಆಮೇಲೆ ಯಕಾರ ಬರೆಯಬೇಕು.

ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಇವುಗಳಲ್ಲಿ ಮೊದಲನೆಯದು ಅನಿವಾರ್ಯ. ತುಳುವಿನಲ್ಲಿ ಶಬ್ದದ ಕೊನೆಗೆ ತುಟಿಯನ್ನು ದುಂಡಗೆ ಮಾಡದೆ ಹೇಳುವ ಅರೆ ಉಕಾರವೊಂದಿದೆ. ಇಲ್ಲ್, ಕಲ್ಲ್ ಮೊದಲಾದ ಕಡೆ ಅದನ್ನು ಅರೆಯಕ್ಷರದಿಂದಲೇ ಸೂಚಿಸುವುದು ರೂಢಿ. ‘ಕಲ್ಲಿನಲ್ಲಿ’ ಎಂಬ ಅರ್ಥದಲ್ಲಿ ‘ಕಲ್ಲ್‌ಡ್’ ಎಂದು ಬರೆಯುವಾಗ 8204 ಇಲ್ಲದಿದ್ದರೆ ಲಕಾರದ ಕೆಳಗೆ ಎರಡು ಒತ್ತುಗಳು ಒಂದರ ಮೇಲೊಂದು ಬಿದ್ದು ಓದಲಾಗದಂತಾಗುತ್ತದೆ. 2016ರ ಆಗಸ್ಟಿನಲ್ಲಿ ಆರಂಭವಾದ ತುಳು ವಿಕಿಪೀಡಿಯವು ಕನ್ನಡ ಲಿಪಿಯಲ್ಲಿಯೇ ಇದೆ. ಅಲ್ಲಿ ಬರೆಯಹೊರಡುವ ನಮ್ಮವರು ಈ ಕಾಣದ ಅಕ್ಷರದ ಪರಿಚಯವನ್ನು ಮೊದಲು ಮಾಡಿಕೊಳ್ಳುವುದು ಒಳ್ಳೆಯದು.

ಹಳೆಯ ಅಕ್ಷರಗಳು, ಹೊಸ ಮನೆಗಳು

ಹಳಗನ್ನಡದ ವಿದ್ಯಾರ್ಥಿಗಳಿಗೆ ಬೇಕಾದ ಎರಡು ಅಕ್ಷರಗಳೂ ಪಟ್ಟಿಯಲ್ಲಿವೆ. ಶಕಟ ರೇಫವಾದ ಱ ಇದಕ್ಕೆ 3249. ೞ ಇದಕ್ಕೆ 3294. ಈ ಎರಡನೆಯದರ ವಿಷಯದಲ್ಲಿ ಒಂದು ವಿನೋದವಿದೆ. ಪಟ್ಟಿಯನ್ನು ಮಾಡಿದವರು ಇದಕ್ಕೆ ‘ಕನ್ನಡ ಅಕ್ಷರ ಫ’ ಎಂಬ ಅರ್ಥ ಬರುವ ತಪ್ಪು ಹೆಸರನ್ನು ಇಟ್ಟುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಅವರ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ನಿಂತು, ಸರಿಯಾದ ಹೆಸರು ಪರ್ಯಾಯವಾಗಿ ಸೇರಿತು. ಪುಣ್ಯಕ್ಕೆ ಯಂತ್ರವು ಕೆಲಸ ಮಾಡುವುದು ಸಂಖ್ಯೆಯಿಂದ, ಹೆಸರಿನಿಂದಲ್ಲ. ಶಬ್ದಗಳಲ್ಲಿ ‘ಜ಼’, ‘ಫ಼’ ಎಂದು ಕೆಳಗೆ ಚುಕ್ಕೆಯಿಡಲು 3260 ಇದೆ. ಇದು 2003ರಲ್ಲಿ ಸೇರಿದುದು. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಯ ಅನುನಾಸಿಕಕ್ಕೆ ಬೇಕಾದ, ಅಕ್ಷರದ ಮೇಲೆ ಬಲಕ್ಕೆ ಕೂರುವ ಬಿಂದುವಿಗೆ 2022ರಲ್ಲಿ 3315ನೆಯ ಮನೆ ದೊರೆಯಿತು.

ಇವೆಲ್ಲಕ್ಕಿಂತ ಸಂತೋಷದ ಸಂಗತಿಯೆಂದರೆ ತುಳು-ತಿಗಳಾರಿ ಲಿಪಿಯದು. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಸಂಸ್ಕೃತ ಗ್ರಂಥಗಳ ಎಷ್ಟೋ ಓಲೆಗರಿಗಳು ಈ ಲಿಪಿಯಲ್ಲಿವೆ. ವೆಂಕಟರಾಜ ಪುಣಿಂಚತ್ತಾಯರು ಶೋಧಿಸಿ ಸಂಪಾದಿಸಿದ ಹಳೆಯ ತುಳು ಕಾವ್ಯ ‘ಶ್ರೀ ಭಾಗವತೊ’ ಇದ್ದುದೂ ಈ ಲಿಪಿಯಲ್ಲಿಯೇ. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ಇದಕ್ಕೆ 80 ಅಕ್ಷರಗಳ ಸ್ಥಾನ ದೊರೆಯಿತು. ಕಟ್ಟು 70528ರಿಂದ 70655ರ ವರೆಗೆ. ಮೊದಲ ಮನೆಯಲ್ಲಿ ಕುಳಿತಿರುವುದು ಅಕಾರ. &#70528; ಎಂದು ಬರೆದ ಪುಟದಲ್ಲಿ, ಆ ಲಿಪಿಯ ಫಾಂಟು ಇದ್ದರೆ, ತುಳು ಲಿಪಿಯ ಅಕಾರ ಕಾಣಿಸುತ್ತದೆ; ಇಲ್ಲದಿದ್ದರೆ ಚೌಕ ಕಾಣಿಸುತ್ತದೆ. ಆದರೆ ಈ ಚೌಕಕ್ಕೂ ಹಿಂದಿನ ಕಾಲದ ಪರಲಿಪಿಯ ತುಣುಕುಗಳಿಗೂ ಬಹಳ ವ್ಯತ್ಯಾಸವಿದೆ. ಇಲ್ಲಿ ಅಂಕೆ ಸರಿಯಾಗಿದೆ, ರೂಪ ಮಾತ್ರ ಬರಬೇಕಾಗಿದೆ. ನಾಳೆ ಫಾಂಟು ಬಂದಾಗ ಇಂದು ಬರೆದುದು ತಾನಾಗಿ ಓದಿಗೆ ಸಿಗುತ್ತದೆ.

ಅಂಕೆಗೆ ಸಿಗದುದು

ಕೊನೆಯದಾಗಿ ಅಂಕೆಯ ಮಿತಿಯನ್ನೂ ಹೇಳಬೇಕು. ಹಿರಿಯರು ಹಾಡಿದ ಪಾಡ್ದನವೊಂದರ ಕೆಲವು ಸಾಲುಗಳನ್ನು ಯಂತ್ರಕ್ಕೆ ಇಳಿಸುವಾಗ ನನಗೆ ಎದುರಾದ ಪ್ರಶ್ನೆಯಿದು. ತುಳುವಿನಲ್ಲಿ ‘ಯಾನ್ ಬತ್ತೆ’ ಎಂದರೆ ನಾನು ಬಂದೆನು. ‘ಆಯೆ ಬತ್ತೆ’ ಎಂದರೆ ಅವನು ಬಂದನು. ನಾನು ಬಂದಾಗ ಕೊನೆಯ ಎಕಾರವು ಬಾಯಿ ಅಗಲಿಸಿ ಹೇಳುವಂತಹುದು. ಅವನು ಬಂದಾಗ ಹಾಗಲ್ಲ. ತುಳುವರ ಕಿವಿ ಎಂದಿಗೂ ಇದರಲ್ಲಿ ಎಡವುವುದಿಲ್ಲ. ಆದರೆ ಸಾಮಾನ್ಯ ಬರೆಹದಲ್ಲಿ ಎರಡಕ್ಕೂ ಒಂದೇ ಎತ್ವ, ಒಂದೇ 3270. ಹಾಡಿನಲ್ಲಿ ಯಾನ್, ಆಯೆ ಎಂಬ ಸರ್ವನಾಮಗಳು ಬಿಟ್ಟುಹೋದ ಕಡೆ, ಬಂದವಳು ಹೇಳುವವಳೋ ಬಂದವನು ಬೇರೊಬ್ಬನೋ ಎಂಬುದು ಹಾಡಿದವರ ಗಂಟಲಿನಲ್ಲಿತ್ತು, ಕಾಗದದಲ್ಲಿ ಉಳಿಯಲಿಲ್ಲ.

ಇದು ಯಂತ್ರದ ದೋಷವಲ್ಲ. ಬರೆಹದಲ್ಲಿ ನಾವು ಬೇರ್ಪಡಿಸದುದನ್ನು ಅಂಕೆಯು ಬೇರ್ಪಡಿಸಲಾರದು. ಮೊದಲು ಕಿವಿ, ಆಮೇಲೆ ಚಿಹ್ನೆ, ಆಮೇಲೆ ಅಂಕೆ. ಅಂತಹ ಕಡೆಗಳಲ್ಲಿ ಅಡಿಟಿಪ್ಪಣಿಯಲ್ಲಿ ಅರ್ಥವನ್ನು ಬರೆದಿಡುವುದು, ಸಾಧ್ಯವಾದರೆ ಹಾಡಿದವರ ಧ್ವನಿಯನ್ನೂ ಮುದ್ರಿಸಿ ಪುಟದೊಂದಿಗೆ ಸೇರಿಸುವುದು ಸದ್ಯಕ್ಕೆ ನಾವು ಮಾಡಬಹುದಾದ ಕೆಲಸ.

ನಮ್ಮ ಕಾಲೇಜಿನ ಸುತ್ತಮುತ್ತಣ ಊರುಗಳಲ್ಲಿ ಪಾಡ್ದನ, ಕಬಿತೆ, ಗಾದೆ, ಒಗಟುಗಳನ್ನು ಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ. ರಜೆಯಲ್ಲಿ ಒಬ್ಬೊಬ್ಬರು ಹತ್ತು ಗಾದೆಗಳನ್ನು ಕೇಳಿ ಬರೆದರೂ ಸಾಕು. ಬರೆಯುವಾಗ ಬಿಂದುವಿನ ಎಡೆಯಲ್ಲಿ ಬಿಂದುವನ್ನೇ ಇಡಿರಿ, ಸೊನ್ನೆಯನ್ನಲ್ಲ. ಅರೆಯಕ್ಷರದ ಬಳಿಕ ಬೇಕಾದಲ್ಲಿ 8204ನ್ನು ಮರೆಯದಿರಿ. ಪುಟದ ತಲೆಯಲ್ಲಿ ಯು.ಟಿ.ಎಫ್.-8ರ ಘೋಷಣೆ ಇದೆಯೆ ಎಂದು ನೋಡಿರಿ. ಇಷ್ಟು ಮಾಡಿದರೆ ಇನ್ನೆಷ್ಟೋ ವರ್ಷಗಳ ಮೇಲೆ ಯಾರೋ ಒಬ್ಬರು ತಮ್ಮ ಅಜ್ಜಿಯ ಮಾತೊಂದನ್ನು ಹುಡುಕಿದಾಗ ಅದು ಅವರ ಕೈಗೆ ಸಿಕ್ಕೀತು.